ಸೀರೆ ಮಾರಲೊಲ್ಲದ ಮಾಮಾ

ನಮ್ಮ ಮಾಮಾನಿಗೆ ಸೀರೆ ಅಂಗಡಿ ಇಟ್ಟುಕೊಟ್ಟವರು ಅವನ ಅಪ್ಪ. ಆದರೆ ಅಂಗಡಿ ಇಡುವುದು ಸೀರೆ ಮಾರುವುದಕ್ಕೆ ಎಂಬ ಸಣ್ಣ ವಿಷಯವನ್ನು ಮಗನಿಗೆ ಹೇಳಲು ಆ ಪುಣ್ಯಾತ್ಮರು ಮರೆತೇಬಿಟ್ಟಿದ್ದರು! ಬೇರೆ ಅಂಗಡಿಯವರಿಗೆ ಗಿರಾಕಿ ಬರಿಗೈಯಲ್ಲಿ ಹೋದರೆ ಸಂಕಟ. ನಮ್ಮ ಮಾಮಾನಿಗೆ ಗಿರಾಕಿ ಸೀರೆ ಕೊಂಡು ಹೋದ ಮೇಲೆ ಸಂಕಟ. ಅದು ಉಡುವವಳಿಗೆ ಒಪ್ಪುತ್ತದೋ ಇಲ್ಲವೋ ಎಂದು ಊಟದ ಮುಂದೆ ಕೂತೂ ಗೊಣಗುತ್ತಿದ್ದ.

ಮಾಮಾ ಎಂದರೆ ನನ್ನ ಅವ್ವನ ಅಣ್ಣ. ಅಂಗಡಿ ಇದ್ದದ್ದು ಬೆಳಗಾವಿಗೆ ಅಂಟಿಕೊಂಡ ಶಹಾಪುರದಲ್ಲಿ, ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸಪ್ಪಳ ನಿಲ್ಲದ ಒಂದು ಓಣಿಯಲ್ಲಿ. ಅಂಗಡಿಯ ಹಿಂದೆಯೇ ಮನೆ. ನಾವಿದ್ದದ್ದು ಖಾನಾಪುರದಲ್ಲಿ, ಅಪ್ಪ ಅಲ್ಲಿಯ ಕಟ್ಟಿಗೆ ವಖಾರದಲ್ಲಿ ಕಾರಕೂನ. ಇದೆಲ್ಲ ಸಾವಿರದ ಒಂಬೈನೂರ ಇಪ್ಪತ್ತರ ಆಸುಪಾಸಿನ ಮಾತು. ಹಬ್ಬಕ್ಕೋ ಹುಣ್ಣಿಮೆಗೋ ರೈಲು ಹತ್ತಿ ಬೆಳಗಾವಿಗೆ ಬಂದರೆ ನಾನು ನಡುಮನೆಯ ಬಾಗಿಲಲ್ಲಿ ಕೂತು ಮಾಮಾನ ವ್ಯಾಪಾರ ನೋಡುತ್ತಿದ್ದೆ. ಅಷ್ಟು ಮೋಜು ಯಾವ ಆಟದಲ್ಲೂ ಇರಲಿಲ್ಲ.

ಈಗಿನ ಅಂಗಡಿಗಳಲ್ಲಿ ಕಾಲಿಟ್ಟ ತಕ್ಷಣ "ಏನು ಬೇಕು?" ಎನ್ನುತ್ತಾರೆ. ಬೇಕಾದ್ದು ಇಲ್ಲವೆಂದರೆ ನಮ್ಮ ತಲೆಯ ಮೇಲಿಂದ ಹಿಂದಿನವರನ್ನು ನೋಡುತ್ತಾರೆ. ಮಾಮಾನ ಅಂಗಡಿಯಲ್ಲಿ ಮೊದಲು ಕಾಲಿಗೆ ನೀರು. ಆಮೇಲೆ ಬಿಳಿ ಗಾದಿಯ ಮೇಲೆ ಕೂಡಿಸಿ ಬೆಲ್ಲ, ಕುಡಿಯಲು ನೀರು. ಊರಿನಲ್ಲಿ ಮಳೆ ಹೇಗೆ, ಎಮ್ಮೆ ಈಯಿತೇ, ಮಗನ ಕೆಮ್ಮು ಹೋಯಿತೇ ಎಲ್ಲ ವಿಚಾರಿಸಿ ಆದ ಮೇಲೆ ಮೆಲ್ಲಗೆ ಬರುತ್ತಿತ್ತು ಅವನ ಪ್ರಶ್ನೆ: "ಉಡಾಕಿ ಯಾರ್ರೀ?"

ಉಡುವವಳು ಯಾರು ಎನ್ನುವಲ್ಲೇ ಗಂಡಸರು ಸಿಕ್ಕಿಬೀಳುತ್ತಿದ್ದರು. ಆ ಕಾಲದಲ್ಲಿ ಸೀರೆ ತರುವವರು ಗಂಡಸರು, ತಂದದ್ದನ್ನು ಉಡುವವರು ಹೆಂಗಸರು. ಸಾಂಬ್ರಾದ ರೈತನೊಬ್ಬ ಹೆಂಡತಿಗೆಂದು ಸೀರೆ ಕೇಳಿಕೊಂಡು ಬಂದ. ಆಕೆ ಎಷ್ಟು ಎತ್ತರ ಎಂದರೆ ಬಾಗಿಲ ಚೌಕಟ್ಟಿನ ಮುಂದೆ ಕೈಯನ್ನು ಮೇಲೆ ಕೆಳಗೆ ಆಡಿಸಿದ. ಬಣ್ಣ ಹೇಗೆ ಎಂದರೆ ಬೆವರತೊಡಗಿದ. ತನ್ನ ಎತ್ತುಗಳ ಬಣ್ಣ, ಕೋಡಿನ ಡೊಂಕು, ಬಲಗಡೆಯ ಎತ್ತಿನ ಹಣೆಯ ಮೇಲಿನ ಚುಕ್ಕೆ, ಎಲ್ಲ ಬಾಯಿಪಾಠ ಹೇಳಿದ. ಹೆಂಡತಿಯದು ಮಾತ್ರ ನೆನಪಾಗಲೊಲ್ಲದು! ಪಾಪ, ಮನೆಯೊಳಗೆ ಕತ್ತಲು, ಹೊಲದಲ್ಲಿ ಆಕೆಯ ಮುಖದ ತುಂಬ ಸೆರಗು. ಅವನಾದರೂ ನೋಡುವುದು ಯಾವಾಗ? ಬಿಸಿಲಿನಲ್ಲಿ ನಿಲ್ಲಿಸಿ ಚೆನ್ನಾಗಿ ನೋಡಿಕೊಂಡು ಮುಂದಿನ ವಾರದ ಸಂತೆಗೆ ಬಾ ಎಂದು ಮಾಮಾ ಅವನನ್ನು ಹೊರಡಿಸಿಬಿಟ್ಟ.

ಮುಂದಿನ ವಾರ ಆತ ಚಕ್ಕಡಿಯಲ್ಲಿ ಹೆಂಡತಿಯನ್ನೇ ಕರೆತಂದ. ಆಕೆ ಗಾದಿಯ ಅಂಚಿಗೆ ಕೂತು ಮಾಮಿಯ ಕಿವಿಯಲ್ಲಿ, "ಎಂಟು ದಿನದಿಂದ ಇವ್ರು ಬರೇ ನನ್ನ ಮಾರೀನ ನೋಡಾಕತ್ತಾರ್ರೀ. ತಲಿಗೇನರ ಆಗೈತೇನೋ ಅಂತ ನಾ ದೇವರಿಗೆ ಹರಕಿ ಹೊತ್ತೀನಿ" ಎಂದಳು. ಮಾಮಿ ಎಂದರೆ ಮಾಮಾನ ಹೆಂಡತಿ. ಗಂಡನಿಗೂ ಅಂಥದೊಂದು ಹರಕೆ ಹೊತ್ತುಕೊಂಡೇ ಬಾಳುತ್ತಿದ್ದ ಹೆಂಗಸು.

ಇನ್ನು ಸೀರೆ ತೋರಿಸುವ ಬಗೆಯನ್ನು ಹೇಳದೆ ಬಿಡುವುದು ಹೇಗೆ? ಮಡಚಿಟ್ಟ ಸೀರೆ ಎಲ್ಲವೂ ಚಂದವೇ, ಮೈಮೇಲೆ ಬಂದಾಗಲೇ ಅದರ ಗುಣ ತಿಳಿಯುವುದು ಎಂಬುದು ಅವನ ವಾದ. ಆದ್ದರಿಂದ ಗಿರಿಜಾ ಮೀಸೆಯ ನಮ್ಮ ಮಾಮಾ ಧೋತರದ ಮೇಲೆಯೇ ಸೀರೆ ಸುತ್ತಿ, ನಿರಿಗೆ ಹಿಡಿದು, ತಲೆಯ ಮೇಲೆ ಸೆರಗು ಹೊದ್ದು ಅಂಗಡಿಯ ತುಂಬ ಓಡಾಡಿ ತೋರಿಸುತ್ತಿದ್ದ. ಒಮ್ಮೆ ಅವ್ವ ಮುನ್ಸೂಚನೆ ಇಲ್ಲದೆ ಖಾನಾಪುರದಿಂದ ಬಂದಳು. ಓಣಿಯ ತುದಿಯಿಂದಲೇ ನೋಡುತ್ತಾಳೆ: ಅಣ್ಣನ ಗಾದಿಯ ಮೇಲೆ ಯಾವಳೋ ದಪ್ಪನೆಯ ಹೆಂಗಸು ಬೆನ್ನು ತಿರುಗಿಸಿ ಬಳುಕುತ್ತ ನಿಂತಿದ್ದಾಳೆ! ಅವ್ವ ಮುಂದಿನ ಬಾಗಿಲು ಬಿಟ್ಟು ಹಿತ್ತಲಿನಿಂದ ಓಡಿ ಬಂದು, ಅಡುಗೆಮನೆಯಲ್ಲಿದ್ದ ಮಾಮಿಯನ್ನು ತಬ್ಬಿ ಅತ್ತೇಬಿಟ್ಟಳು. ಮಾಮಿ ಒಲೆ ಊದುವುದನ್ನು ನಿಲ್ಲಿಸದೆ, "ಅವ್ರು ನಿಮ್ಮಣ್ಣಾರ ಅದಾರ, ಹೋಗಿ ಮಾತಾಡಸ್ರಿ" ಎಂದಳಂತೆ.

ಅದೂ ಹೋಗಲಿ. ಗಿರಾಕಿ ಕೇಳಿದ ಬಣ್ಣ ತನ್ನಲ್ಲಿ ಇಲ್ಲದಿದ್ದರೆ ಎದುರಿನ ಅಂಗಡಿಗೆ ತಾನೇ ಕರೆದುಕೊಂಡು ಹೋಗುತ್ತಿದ್ದ. ಅಲ್ಲಿಯ ಗಾದಿಯ ಮೇಲೆ ಕೂತು, ಅವರ ಸೀರೆಗಳನ್ನೇ ಎಳೆದೆಳೆದು ತೋರಿಸಿ, ಇದು ಬೇಡ, ಇದರ ಬಣ್ಣ ಬಿಡುತ್ತದೆ ಎಂದು ಪಿಸುಗುಟ್ಟುತ್ತಿದ್ದ. ಎದುರಿನವನಿಗೆ ಈ ಮನುಷ್ಯನಿಗೆ ಚಹಾ ಕೊಡಬೇಕೋ ಹೊರಗೆ ಹಾಕಬೇಕೋ ಕೊನೆಯವರೆಗೂ ತಿಳಿಯಲಿಲ್ಲ.

ಇಂಥವನ ಅಂಗಡಿಯಲ್ಲೇ ನನ್ನ ಲಗ್ನದ ಸಂತೆ, ಎಂದರೆ ಲಗ್ನದ ಸೀರೆಗಳ ಖರೀದಿ, ಆಗಬೇಕೆಂದು ನಿಶ್ಚಯವಾಯಿತು. ನನಗೆ ಹದಿನೆಂಟು ತುಂಬಿತ್ತು. ಆ ಕಾಲಕ್ಕೆ ಹೆಣ್ಣಿಗೆ ಅದು ಊರು ಆಡಿಕೊಳ್ಳುವ ವಯಸ್ಸು. ಎರಡು ಸಂಬಂಧ ಬಂದು ತಪ್ಪಿದ್ದವು. ಬೆಳಗಾವಿಯ ಈ ಸಂಬಂಧವೂ ತಪ್ಪಿದರೆ ಗತಿಯೇನು ಎಂದು ಅಪ್ಪ ಸೊರಗಿದ್ದ. ಸಂತೆಯ ಹಿಂದಿನ ದಿನ ಶಹಾಪುರಕ್ಕೆ ಹೋಗಿ ಮಾಮಾನ ಕೈ ಹಿಡಿದು, ನಾಳೆ ಒಂದು ದಿನ ಬಾಯಿ ಮುಚ್ಚಿಕೊಂಡು ಬೀಗರು ತೋರಿಸಿದ ಸೀರೆ ಕಟ್ಟಿಕೊಡು ಎಂದು ಬೇಡಿಕೊಂಡು ಬಂದ. ಮಾಮಾ ಆಗಲಿ ಎಂದಿದ್ದ.

ಮರುದಿನ ಬೀಗರ ದೊಡ್ಡ ದಂಡೇ ಬಂತು. ವಧುವನ್ನು ಸಂತೆಗೆ ಕರೆಯುವ ಪದ್ಧತಿ ಇರಲಿಲ್ಲ. ಹುಡುಗನ ತಾಯಿ ಸೀರೆಗಳನ್ನೆಲ್ಲ ನೋಡಿ, ಕೆಂಪು ದಡಿಯ ಅರಿಷಿಣ ಬಣ್ಣದ ಸೀರೆಯೊಂದನ್ನು ಲಗ್ನಕ್ಕೆಂದು ಎತ್ತಿಟ್ಟರು. ಮಾಮಾ ಬಹಳ ಹೊತ್ತು ತುಟಿ ಬಿಗಿದು ಕೂತನಂತೆ. ಕೊನೆಗೆ ತಡೆಯಲಾರದೆ, ಹುಡುಗಿಯನ್ನು ಕೇಳಿದ್ದೀರೇನು ಎಂದ. ಆ ತಾಯಿಗೆ ಸಿಟ್ಟು ಬಂತು. ಬೆಳಗಾವಿಯಲ್ಲಿ ಸಿಟ್ಟಿಗೆ ಒಂದು ಭಾಷೆ ಸಾಲುವುದಿಲ್ಲ. ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ, ಹುಡುಗಿಯನ್ನು ಕೇಳಿ ಸೀರೆ ತರುವ ಮನೆತನ ತಮ್ಮದಲ್ಲ ಎಂದರು.

"ಖರೇ ಐತ್ರಿ. ಒಂದೀಟು ಕುಂದರ್ರಿ, ಕೇಳ್ಕೊಂಡು ಬರ್ತೀನಿ" ಎಂದ ಮಾಮಾ, ಆ ಸೀರೆಯ ಜೊತೆಗೆ ಇನ್ನಷ್ಟನ್ನು ಸೇರಿಸಿ ಗಂಟು ಕಟ್ಟಿಕೊಂಡು ಒಳಗೆ ಹೋದ. ಹೆಂಡತಿಯನ್ನು ಕೇಳಲು ಹೋದನೆಂದು ಬೀಗರು ತಿಳಿದರು. ಅವನು ಹಿತ್ತಲ ಬಾಗಿಲಿನಿಂದ ಸ್ಟೇಷನ್ನಿಗೆ ಹೋಗಿ ಖಾನಾಪುರದ ರೈಲು ಹತ್ತಿದ್ದ! ಮಾಮಿ ಆ ದಿನ ಅಷ್ಟೂ ಮಂದಿಗೆ ಹೋಳಿಗೆ ಮಾಡಿ ಬಡಿಸಿ, ಇನ್ನೇನು ಬಂದರು, ಇನ್ನೇನು ಬಂದರು ಎಂದು ಸಂಜೆಯವರೆಗೆ ಕೂಡಿಸಿಕೊಂಡಿದ್ದಳು.

ಮಾಮಾ ನಮ್ಮ ಪಡಸಾಲೆಯಲ್ಲಿ ಗಂಟು ಬಿಚ್ಚಿದಾಗ ಅಪ್ಪ ಊಟಕ್ಕೆಂದು ಮನೆಗೆ ಬಂದಿದ್ದ. ಬೀಗರು ಅಂಗಡಿಯಲ್ಲೇ ಕೂತಿದ್ದಾರೆ ಎಂದು ಕೇಳಿದವನೇ ಗೋಡೆ ಹಿಡಿದುಕೊಂಡ. ಈ ಲಗ್ನವೂ ಮುರಿಯಿತು ಎಂದು ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಮಾಮಾ ಮಾತ್ರ ಬಣ್ಣಬಣ್ಣದ ಸೀರೆಗಳನ್ನು ನನ್ನ ಮುಂದೆ ಹರವಿ, ಯಾವುದು ಬೇಕೆಂದು ಕೇಳಿದ. ಹಿರಿಯರು ಹೇಳಿದ್ದೇ ಆಗಲಿ ಎಂದೆ.

"ಹಿರ್ಯಾರು ಉಡೂದಿಲ್ಲ ಮಗಳ. ನೀ ಉಡಾಕಿ" ಎಂದ.

ನಾನು ಬಹಳ ಹೊತ್ತು ನೋಡಿ ಒಂದರ ಮೇಲೆ ಕೈ ಇಟ್ಟೆ. ಅದು ಹುಡುಗನ ತಾಯಿ ಎತ್ತಿಟ್ಟ ಅದೇ ಅರಿಷಿಣ ಬಣ್ಣದ ಸೀರೆ! ಅಪ್ಪನ ಸಿಟ್ಟು ನೆತ್ತಿಗೇರಿತು. ಇದಕ್ಕಾಗಿ ರೈಲು ಹತ್ತಿ ಬಂದೆಯಾ, ಎಂದು ಹಣೆ ಚಚ್ಚಿಕೊಂಡು ಹೊರಗೆ ಹೋದ. ಅವ್ವ ಅವನ ಹಿಂದೆ ಓಡಿದಳು.

ಪಡಸಾಲೆಯಲ್ಲಿ ನಾವಿಬ್ಬರೇ ಉಳಿದೆವು. ಮಾಮಾ ಸೀರೆ ಮಡಚುವುದನ್ನು ಬಿಟ್ಟು ನನ್ನ ಹತ್ತಿರ ಸರಿದು ಕೂತ. ಅವನ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

"ಸೀರಿ ಆತು. ಹುಡುಗ ಪಸಂದ್ ಅದಾನೇನವಾ? ನಿನಗ ಯಾರರ ಕೇಳ್ಯಾರೇನು? ಬ್ಯಾಡಾಗಿದ್ರ ಹೇಳು. ಅವ್ರೆಲ್ಲಾ ನನ್ನ ಅಂಗಡ್ಯಾಗ ಕುಂತಾರ, ನಾ ಹೋಗಿ ಹೇಳ್ತೀನಿ."

ಯಾರೂ ಕೇಳಿರಲಿಲ್ಲ. ಹುಡುಗ ನನ್ನನ್ನು ನೋಡಲು ಬಂದ ದಿನ ಕದದ ಸಂದಿಯಿಂದ ನಾನು ಅವರನ್ನು ಕಂಡಿದ್ದೆ. ಬಿಸಿ ಚಹಾ ಕಪ್ಪಿನಿಂದ ಬಸಿಗೆ ಸುರಿಯಲು ಹೋಗಿ ಧೋತರದ ಮೇಲೆ ಚೆಲ್ಲಿಕೊಂಡು, ತಮ್ಮಷ್ಟಕ್ಕೆ ತಾವೇ ನಗುತ್ತಿದ್ದರು. ಆ ನಗು ನನಗೆ ಬಹಳ ಸೇರಿತ್ತು. ಅದನ್ನು ಯಾರ ಮುಂದೆ ಹೇಳುವುದು?

"ಪಸಂದ್ ಅದಾರ ಮಾಮಾ" ಎಂದೆ. ಹೇಳಿದ ಮೇಲೆ ಅಳು ಬಂತು. ಮಾಮಾ ನನ್ನ ತಲೆಯ ಮೇಲೆ ಕೈಯಿಟ್ಟ. ಬೇಡ ಎಂದಿದ್ದರೆ ಆ ಮನುಷ್ಯ ಗಂಟು ಕಟ್ಟಿ, ರೈಲು ಹತ್ತಿ, ಅಷ್ಟು ಮಂದಿಯ ಮುಂದೆ ನಿಂತು ಬೇಡ ಎಂದು ಹೇಳಿಯೇ ಬರುತ್ತಿದ್ದ. ಅದು ಗೊತ್ತಿದ್ದುದರಿಂದಲೇ ಹೌದು ಎಂದು ಬಾಯಿಬಿಟ್ಟು ಹೇಳುವ ಧೈರ್ಯ ನನಗೆ ಬಂದಿತ್ತು.