ಹನುಮಂತರಾಜು ರೂಲಿಂಗ್

ಹೊಸದುರ್ಗದ ವಕೀಲ ಮೂರ್ತಪ್ಪನವರಿಗೆ ಆ ಸೋಮವಾರ ತಲೆಬಿಸಿ ಶುರುವಾದದ್ದು ಎರಡು ಸಾಫ್ಟ್‌ವೇರ್‌ಗಳಿಂದ. ಹಳೆಯ ತೀರ್ಪುಗಳನ್ನು ಕಂಪ್ಯೂಟರಿನಲ್ಲೇ ಹುಡುಕಿಕೊಡುವಂಥವು. ಒಂದರ ಗುರುತು ಕೆಂಪು, ಇನ್ನೊಂದರದು ನೀಲಿ. ಹದಿನೈದು ದಿನ ಪುಕ್ಕಟೆ ಬಳಸಿ ನೋಡಿ ಎಂದು ಕಂಪನಿಯವರು ಕೊಟ್ಟಿದ್ದ ಗಡುವು ಆ ಸಂಜೆಗೆ ಮುಗಿಯುತ್ತಿತ್ತು. ಅಷ್ಟರೊಳಗೆ ಯಾವುದು ಬೇಕೆಂದು ಹೇಳಬೇಕಿತ್ತು. ಮೂರ್ತಪ್ಪನವರಿಗೆ ಎರಡೂ ಬೇಡವಾಗಿತ್ತು.

ಬೇಕೆಂದು ಹಟ ಹಿಡಿದವಳು ಜೂನಿಯರ್ ರಮ್ಯಾ. ಚೇಂಬರಿನ ಗೋಡೆಯುದ್ದಕ್ಕೂ ಮೂರು ಗಾಜಿನ ಬೀರುಗಳಿದ್ದವು. ಒಳಗೆ ಮೂರ್ತಪ್ಪನವರ ಸೀನಿಯರ್, ದಿವಂಗತ ಹನುಮಂತರಾಜು ಅವರ ಕಾನೂನು ಸಂಪುಟಗಳು. ರಮ್ಯಾಳ ಪಾಲಿಗೆ ಅದು ಧೂಳು, ಮೂರ್ತಪ್ಪನವರ ಪಾಲಿಗೆ ವಿಭೂತಿ. ಬೀರುವಿನ ಬಾಗಿಲು ತೆಗೆದರೆ ನುಸಿಗುಳಿಗೆಯ ಜೊತೆ ಸೀನಿಯರ್ ಹಾಕುತ್ತಿದ್ದ ನಶ್ಯದ ವಾಸನೆಯೂ ಬರುತ್ತದೆಂದು ಅವರು ಪ್ರಮಾಣ ಮಾಡಿ ಹೇಳುತ್ತಿದ್ದರು. ಒಂದು ತೀರ್ಪಿನ ನಕಲಿಗಾಗಿ ಬಸ್ಸು ಹತ್ತಿ ಚಿತ್ರದುರ್ಗಕ್ಕೆ ಹೋಗಿ, ಸಿಗದಿದ್ದರೂ ಅಲ್ಲಿ ದೋಸೆ ತಿಂದು ಬರುತ್ತಿದ್ದ ಆ ದಿನಗಳು ಮತ್ತೆ ಬರಬಾರದೇ ಎಂದು ಅವರಿಗೆ ದಿನಕ್ಕೊಮ್ಮೆಯಾದರೂ ಅನಿಸುತ್ತಿತ್ತು.

ಊರಿನ ವಕೀಲರೆಲ್ಲ ಬೆಳಗಿನಿಂದ ಒಬ್ಬೊಬ್ಬರೇ ಮೆಟ್ಟಿಲು ಹತ್ತಿ ಬಂದು ಬುದ್ಧಿ ಹೇಳಿ ಹೋದರು. ಒಬ್ಬರು ಕೆಂಪು ತಗೊಳ್ಳಿ, ಅಕ್ಷರ ದೊಡ್ಡದು ಎಂದರು. ಇನ್ನೊಬ್ಬರು ನೀಲಿ ಕಣ್ಣಿಗೆ ತಂಪು ಎಂದರು. ಇಬ್ಬರೂ ಎರಡರಲ್ಲಿ ಒಂದನ್ನೂ ತೆರೆದು ನೋಡಿದವರಲ್ಲ. ಗುಮಾಸ್ತ ಶಿವಯ್ಯನಂತೂ ಕಂಪ್ಯೂಟರಿನ ಕಡೆ ಸವತಿಯನ್ನು ನೋಡುವ ಹಾಗೆ ನೋಡುತ್ತ ಕುಳಿತಿದ್ದ.

ಅವತ್ತೇ ಮೂರು ಗಂಟೆಗೆ ಮಾಡದಕೆರೆಯ ಬಸಮ್ಮನ ಕೇಸು ವಾದಕ್ಕೆ ಬರುವುದಿತ್ತು. ಅವಳ ಹೊಲಕ್ಕೆ ಹೋಗುತ್ತಿದ್ದ ಬಂಡಿ ದಾರಿ ಎಷ್ಟೋ ವರ್ಷ ಬಳಕೆಯಿಲ್ಲದೆ ಬಿದ್ದಿತ್ತು. ಪಕ್ಕದವನು ಅದಕ್ಕೆ ಬೇಲಿ ಹಾಕಿ ತೆಂಗಿನ ಸಸಿ ನೆಟ್ಟಿದ್ದ. ದಾರಿ ಸಿಗದಿದ್ದರೆ ಬಸಮ್ಮ ಬೆಳೆದದ್ದನ್ನೆಲ್ಲ ತಲೆಯ ಮೇಲೆ ಹೊತ್ತು ತರಬೇಕು. ಎದುರಿಗಿದ್ದ ವಕೀಲ ಲಕ್ಷ್ಮೀಕಾಂತ್ ಗಟ್ಟಿ ಕುಳ. ಆದರೂ ಮೂರ್ತಪ್ಪನವರಿಗೆ ಚಿಂತೆಯಿರಲಿಲ್ಲ, ಅವರ ಹತ್ತಿರ ಹನುಮಂತರಾಜು ರೂಲಿಂಗ್ ಇತ್ತು.

ಬಂಡಿ ಓಡಾಡುವುದು ನಿಂತು ಎಷ್ಟು ವರ್ಷವಾದರೂ ದಾರಿಯ ಹಕ್ಕು ಸಾಯುವುದಿಲ್ಲ ಎಂಬ ಹೈಕೋರ್ಟಿನ ತೀರ್ಪು ಅದು. ಹನುಮಂತರಾಜು ತಾವೇ ಹೋಗಿ ವಾದಿಸಿದ್ದರಿಂದ ಊರಲ್ಲಿ ಅದಕ್ಕೆ ಅವರದೇ ಹೆಸರು. ಅವರು ಆ ತೀರ್ಪು ಅಚ್ಚಾಗಿದ್ದ ಎಂಬತ್ತೆಂಟನೇ ಇಸವಿಯ ಸಂಪುಟವನ್ನು ಕೋರ್ಟಿಗೆ ತಂದು ಮೇಜಿನ ಮೇಲಿಟ್ಟು ಅದರ ಮೇಲೆ ಕೈ ಇಟ್ಟುಕೊಂಡು ನಿಲ್ಲುತ್ತಿದ್ದರು. ತೆರೆದು ತೋರಿಸಿ ಎನ್ನುವ ಧೈರ್ಯ ಯಾರಿಗಿತ್ತು? ಎದುರಿನವರು ಅಲ್ಲೇ ರಾಜಿಗೆ ಬರುತ್ತಿದ್ದರು. ಸೀನಿಯರ್ ತೀರಿಕೊಂಡ ಮೇಲೆ ಮೂರ್ತಪ್ಪನವರೂ ಅದೇ ಸಂಪುಟ, ಅದೇ ಕೈ ಇಡುವ ಕ್ರಮ ನಡೆಸಿಕೊಂಡು ಬಂದಿದ್ದರು. ಗುರು ಹೇಳಿದ್ದನ್ನು ಪುಟ ತಿರುಗಿಸಿ ಪರೀಕ್ಷಿಸುವುದು ಅವರ ಮಟ್ಟಿಗೆ ಗುರುದ್ರೋಹ.

ಈ ರೂಲಿಂಗಿನಿಂದಲೇ ಸಾಫ್ಟ್‌ವೇರ್‌ಗಳ ಸೊಕ್ಕು ಮುರಿಯುವುದೆಂದು ಅವರು ನಿಶ್ಚಯಿಸಿದರು.

“ರಮ್ಯಾ, ನಮ್ಮ ದೊಡ್ಡ ವಕೀಲರ ರೂಲಿಂಗು ಯಾವ್ದರಾಗೆ ಸಿಗ್ತತೋ ಅದನ್ನ ತಗಳ್ಳಾಣ. ಎರಡ್ರಾಗೂ ಸಿಗಲಿಲ್ಲ ಅಂದ್ರೆ ಎರಡನ್ನೂ ವಾಪಸ್ ಕಳ್ಸಾಣ,” ಎಂದರು.

ಕೆಂಪು ಸಾಫ್ಟ್‌ವೇರ್ ಗಾಣದೆತ್ತಿನಂತೆ ಅರ್ಧ ಗಂಟೆ ಸುತ್ತಿ, ರೈಲಿನಲ್ಲಿ ಸಾಮಾನು ಕಳೆದುಕೊಂಡವನೊಬ್ಬನ ಕೇಸು ತಂದಿಟ್ಟಿತು. ಮೂರ್ತಪ್ಪನವರಿಗೆ ಹಿಗ್ಗೋ ಹಿಗ್ಗು. ಶಿವಯ್ಯನಿಗೆ ಕಾಫಿ ತರಲು ಹೇಳಿದರು. ಕಾಫಿ ಬರುವಷ್ಟರಲ್ಲಿ ರಮ್ಯಾ ನೀಲಿಯಲ್ಲಿ ಹುಡುಕಿದ್ದಳು.

“ಸಿಕ್ತು ಸರ್,” ಎಂದಳು. ದನಿಯಲ್ಲಿ ಗೆದ್ದ ಖುಷಿಯಿರಲಿಲ್ಲ. “ನೀವೇ ಓದ್ರಿ.”

ಓದಿದರು. ಬಂಡಿ ನಿಂತರೂ ದಾರಿಯ ಹಕ್ಕು ಸಾಯುವುದಿಲ್ಲ ಎಂಬ ಮಾತು ಅಲ್ಲಿ ಇತ್ತು. ಆದರೆ ಅದು ನ್ಯಾಯಮೂರ್ತಿಗಳ ಮಾತಲ್ಲ. ಹಾಗೆಂದು ವಕೀಲ ಶ್ರೀ ಹನುಮಂತರಾಜು ಬಹಳ ಉತ್ಸಾಹದಿಂದ ವಾದಿಸಿದರು, ಆ ವಾದವನ್ನು ಒಪ್ಪಲು ಸಾಧ್ಯವಿಲ್ಲ, ಮೇಲ್ಮನವಿ ವಜಾ ಎಂದಿತ್ತು.

ನೀಲಿ ಸುಳ್ಳು ಹೇಳುತ್ತಿದೆ ಎಂದು ಮೂರ್ತಪ್ಪನವರು ತಾವೇ ಏಣಿ ಹತ್ತಿ ಎಂಬತ್ತೆಂಟರ ಸಂಪುಟ ಇಳಿಸಿದರು. ರಟ್ಟು ಕೈ ಇಟ್ಟು ಇಟ್ಟು ಸವೆದಿತ್ತು, ಒಳಗಿನ ಪುಟಗಳು ಮಾತ್ರ ಅಂಗಡಿಯಿಂದ ತಂದಷ್ಟು ಗರಿಗರಿ. ಅಲ್ಲೂ ಅಕ್ಷರಶಃ ಅದೇ ಇತ್ತು.

ಅವರು ಏಣಿಯ ಕೆಳಮೆಟ್ಟಿಲ ಮೇಲೇ ಕುಳಿತುಬಿಟ್ಟರು. ತೀರ್ಪಿನ ತಾರೀಕು ನೋಡಿದಾಗ ಆ ಸಂಜೆ ನೆನಪಾಯಿತು. ಸೀನಿಯರ್ ಬೆಂಗಳೂರಿನಿಂದ ಮುದುಡಿದ ಕೋಟಿನಲ್ಲೇ ಚೇಂಬರಿಗೆ ಬಂದು, ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ತರಿಸಿದ್ದರು. ಏನಾಯಿತು ಸರ್ ಎಂದು ಇಪ್ಪತ್ನಾಲ್ಕರ ಮೂರ್ತಪ್ಪ ಕೇಳಿದ್ದಕ್ಕೆ, “ಚೆನ್ನಾಗಿ ವಾದ ಮಾಡ್ದೆ ಕಣಪ್ಪ,” ಎಂದಷ್ಟೇ ಅಂದಿದ್ದರು. ಗೆದ್ದೆ ಎಂದು ಅವರು ಯಾವತ್ತೂ ಹೇಳಿರಲೇ ಇಲ್ಲ. ಮಂಡಕ್ಕಿ ನೋಡಿ ಗೆದ್ದರೆಂದುಕೊಂಡವರು ಇವರೇ. ಮೂರ್ತಪ್ಪನವರಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಸೋತ ಆ ಮನುಷ್ಯನ ಮೇಲೆ ಮೊದಲಿಗಿಂತ ಹೆಚ್ಚು ಪ್ರೀತಿ ಹುಟ್ಟಿತು.

ಆದರೆ ಪ್ರೀತಿಯಿಂದ ಬಸಮ್ಮನಿಗೆ ದಾರಿ ಸಿಗುವುದಿಲ್ಲ. ಗಂಟೆ ಎರಡಾಗಿತ್ತು. ಗೊತ್ತಿದ್ದೂ ಸುಳ್ಳು ರೂಲಿಂಗ್ ಹೇಳಲು ಅವರಿಗೆ ಮನಸ್ಸು ಬರಲಿಲ್ಲ. ಬೇರೆ ಆಧಾರ ಕೈಯಲ್ಲಿರಲಿಲ್ಲ. ಕೋಟು ಸಿಕ್ಕಿಸಿಕೊಂಡು ರಮ್ಯಾಳೊಂದಿಗೆ ಕೋರ್ಟಿಗೆ ಓಡಿ, ಲಕ್ಷ್ಮೀಕಾಂತನನ್ನು ಹಿಡಿದು, ಬಂಡಿ ದಾರಿ ಬೇಡ, ಹೊರೆ ಹೊತ್ತವರು ನಡೆಯುವಷ್ಟು ಕಾಲುದಾರಿ ಬಿಟ್ಟರೆ ಸಾಕು ಎಂದು ತಾವೇ ರಾಜಿಯ ಮಾತು ತೆಗೆದರು. ಲಕ್ಷ್ಮೀಕಾಂತ ಅವರ ಮುಖವನ್ನು ಒಂದು ಗಳಿಗೆ ನೋಡಿ, ಎರಡು ಮಾತಾಡದೆ ಒಪ್ಪಿದ.

ಬಸಮ್ಮ ಕಾಗದವನ್ನೂ ವಕೀಲರನ್ನೂ ನೋಡಿದಳು. “ಬಂಡಿ ಹೋಗಲ್ಲ ಅಂತೀರಿ. ಆಗ್ಲಿ ಬಿಡ್ರಿ ಸ್ವಾಮಿ, ನೀವು ಹೇಳಿದ್ಮ್ಯಾಲೆ ಮುಗೀತು,” ಎಂದು ಹೆಬ್ಬೆಟ್ಟು ಒತ್ತಿದಳು. ಆ ಮಾತು ಮೂರ್ತಪ್ಪನವರಿಗೆ ಮುಳ್ಳಿನಂತೆ ಚುಚ್ಚಿತು. ಮೂರೂಕಾಲಿಗೆ ನ್ಯಾಯಾಧೀಶರು ರಾಜಿ ದಾಖಲಿಸಿ ಮುಂದಿನ ಕೇಸು ಕರೆದರು.

ಹೊರಗೆ ಬಂದ ಮೇಲೆ ಲಕ್ಷ್ಮೀಕಾಂತ ಅವರ ಕೈ ಹಿಡಿದುಕೊಂಡ.

“ಮೂರ್ತಣ್ಣ, ನಿಮ್ಮದು ದೊಡ್ಡ ಮನಸ್ಸು. ಆ ರೂಲಿಂಗಿನ ಎದುರು ನಮ್ದೇನೂ ನಡೆಯಲ್ಲ ಅಂತ ನಾನು ಕಕ್ಷಿದಾರನಿಗೆ ಬೆಳಗ್ಗೇನೇ ಹೇಳಿದ್ದೆ. ಪೂರ್ತಿ ಬಂಡಿ ದಾರಿ ಬಿಟ್ಟುಕೊಡ್ತೀವಿ ಅಂತ ಅರ್ಜಿ ಬರಕಂಡೇ ಬಂದಿದ್ವಿ, ನೋಡ್ರಿ.”

ಚೀಲದಿಂದ ತೆಗೆದು ತೋರಿಸಿದ. ಸಹಿಯೂ ಆಗಿತ್ತು. ಮೂರ್ತಪ್ಪನವರು ಕೋರ್ಟಿನ ಕಂಬಕ್ಕೆ ಒರಗಿ ನಿಂತರು.

“ಅಂದಂಗೆ ಆ ಸಾಫ್ಟ್‌ವೇರು ಯಾವ್ದು ತಗಂಡ್ರಿ?” ಲಕ್ಷ್ಮೀಕಾಂತ ಅರ್ಜಿಯನ್ನು ಮಡಚಿಡುತ್ತ ಕೇಳಿದ. “ನೀವು ಪರೀಕ್ಷೆ ಮಾಡಿದ್ದನ್ನೇ ನಾವೆಲ್ಲರೂ ತಗಳ್ಳಾಣ ಅಂತ ಇದೀವಿ. ಮೊದಲು ಹನುಮಂತರಾಜು ರೂಲಿಂಗನ್ನೇ ತೆಗೆದು ಒಂದ್ಸಲ ಕಣ್ಣಾರೆ ಓದ್ಬೇಕು ಅಂತ ನನಗೆ ಆಸೆ.”

ಮೂರ್ತಪ್ಪನವರು ಕಂಬ ಬಿಟ್ಟು ನೆಟ್ಟಗೆ ನಿಂತರು.

“ಕೆಂಪು,” ಎಂದರು. “ಕಣ್ಣು ಮುಚ್ಚಿ ಕೆಂಪು ತಗಳ್ರಿ. ನಾವೂ ಮೂರು ವರ್ಷಕ್ಕೆ ಅದನ್ನೇ ತಗಂಡೀವಿ.”

ರಮ್ಯಾ ಮೂರ್ತಪ್ಪನವರ ಮುಖ ನೋಡಿ, ಕೆಂಪು ಕಂಪನಿಯವರಿಗೆ ಫೋನು ಮಾಡಲು ಮೊಬೈಲು ತೆಗೆದಳು.