ಹಲ್ಲಿಗೆ ಟೋಪಿ ಹಾಕಿದ ದಿನಗಳು

ಹಲ್ಲಿನ ದವಾಖಾನೆಯಲ್ಲಿ ಎದುರಿನವರ ಬಾಯಿ ತೆರೆದೇ ಇರುತ್ತದೆ, ಮಾತಾಡುವವನು ಮಾತ್ರ ಡಾಕ್ಟರು. ಹೀಗಾಗಿ ಎಡವಟ್ಟುಗಳೂ ಅವನ ಪಾಲಿಗೇ ಹೆಚ್ಚು. ಧಾರವಾಡದಿಂದ ಬಂದು ಚೆಂಬೂರು ಸ್ಟೇಷನ್ನಿನ ಹತ್ತಿರ ನಾನು ದವಾಖಾನೆ ತೆರೆದದ್ದು ಅರವತ್ತರ ದಶಕದ ಕೊನೆಗೆ. ಮುಂದಿನ ಹತ್ತು ವರ್ಷಗಳಲ್ಲಿ ಇಂಥವು ಎಷ್ಟೋ ನಡೆದವು. ಆಗ ನಕ್ಕಿದ್ದೆ. ಈಗ ನೆನೆದರೆ ನಗುವಿನ ಬೆನ್ನಿಗೇ ನಾಚಿಕೆಯೂ ಬರುತ್ತದೆ.

ಹೇಳಿ ಹಾಕುವ ಟೋಪಿ

ಬಿಜಾಪುರ ಕಡೆಯ, ಗಾರೆ ಕೆಲಸದ ಗೌಂಡಿಯೊಬ್ಬ ಬಂದ. ದವಡೆ ಹಲ್ಲು ಅರ್ಧ ಮುರಿದಿತ್ತು, ಬೇರು ಗಟ್ಟಿ ಇತ್ತು. ಹುಳುಕು ತೆಗೆದು, ಮೇಲೊಂದು ಲೋಹದ ಕವಚ ಕೂರಿಸಿದ್ದರೆ ಎಷ್ಟೋ ವರ್ಷ ಬಾಳುತ್ತಿತ್ತು. ಮುಂಬೈಯಲ್ಲಿ ಎಲ್ಲರೂ ಅದಕ್ಕೆ ಕ್ಯಾಪ್ ಅನ್ನುತ್ತಿದ್ದರು. ಇವನು ನಮ್ಮ ಕಡೆಯವನಲ್ಲವೇ, ಕನ್ನಡದಲ್ಲೇ ಹೇಳೋಣ ಅಂತ, “ನಿಮಗೊಂದು ಟೋಪಿ ಹಾಕಬೇಕ್ರಿ” ಅಂದುಬಿಟ್ಟೆ.

ಅವನು ಕುರ್ಚಿಯಿಂದ ಎದ್ದು ಕೈಮುಗಿದ. “ಮುಂಬೈಗೆ ಬಂದಾಗಿಂದ ಎಲ್ಲಾರೂ ಹಾಕ್ಯಾರ್ರಿ ಸಾಹೇಬ್ರ. ಮೊದಲ ಹೇಳಿ ಹಾಕವ್ರು ನೀವ ಒಬ್ರು” ಅಂದು ಹೊರಟೇಹೋದ. ಕಾಯುತ್ತ ಕೂತಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಓಡಿಹೋಗಿ ಕರೆದು ಬಿಡಿಸಿ ಹೇಳಬೇಕಿತ್ತು, ಹೇಳಲಿಲ್ಲ.

ಮೂರು ತಿಂಗಳ ಮೇಲೆ ಕೆನ್ನೆ ಊದಿಸಿಕೊಂಡು ಬಂದ. ಉಳಿಸುವಂಥದ್ದು ಏನೂ ಇರಲಿಲ್ಲ, ಕಿತ್ತೆ. ಅವತ್ತು ನಾನು ಅಂದದ್ದರ ಅರ್ಥ ಬೇರೆ ಇತ್ತು, ತಪ್ಪಾಯಿತು ಅಂದೆ. ಅವನು ಹತ್ತಿ ಕಚ್ಚಿಕೊಂಡೇ, “ಬಿಡ್ರಿ, ಈಗ ಟೋಪಿ ಹಾಕಾಕ ತಲೀನ ಉಳಿದಿಲ್ಲ” ಅಂದ.

ಬಂಗಾರದ ನಗು

ಧಾರಾವಿಯಲ್ಲೊಬ್ಬ ಟೇಲರ್ ಇದ್ದ. ಗುಲ್ಬರ್ಗಾ ಕಡೆಯ ತರುಣ, ಅರ್ಧ ದಖನಿ ಉರ್ದು ಅರ್ಧ ಕನ್ನಡ ಆಡುತ್ತಿದ್ದ. ಮುಂದಿನ ಹಲ್ಲಿಗೆ ಬಂಗಾರದ ಕ್ಯಾಪ್ ಬೇಕು, ಹೆಣ್ಣು ನೋಡಲು ಊರಿಗೆ ಹೋಗಬೇಕು ಅಂದ. ಹಲ್ಲು ಮುತ್ತಿನಂತಿತ್ತು. ಕ್ಯಾಪ್ ಕೂರಬೇಕಾದರೆ ಅದನ್ನು ಸುತ್ತಲೂ ಅರೆಯಬೇಕು. ಬೇಡವೆಂದು ಎರಡು ಸಲ ಹೇಳಿದೆ. ಮೂರನೇ ಸಲ ಹೇಳಬೇಕಿತ್ತು. ಅದರ ಬದಲು ಅರೆದೆ.

ತಿಂಗಳೊಪ್ಪತ್ತಿನಲ್ಲಿ ಮುಖ ಸಣ್ಣದು ಮಾಡಿಕೊಂಡು ಬಂದು, ಬಿಚ್ಚಿಬಿಡಿ ಅಂದ. ಬಂಗಾರ ಎಲ್ಲರಿಗೂ ಕಾಣಲಿ ಅಂತ ಹೆಣ್ಣಿನ ಮನೆಯಲ್ಲಿ ಎರಡು ತಾಸು ತುಟಿ ಮುಚ್ಚಿಯೇ ಇರಲಿಲ್ಲವಂತೆ. ಹುಡುಗಿಯ ಅಜ್ಜ ತೀರಿಹೋದ ಸುದ್ದಿ ಹೇಳುವಾಗಲೂ ಹಾಗೆಯೇ ಕೂತಿದ್ದನಂತೆ. ಸಂಬಂಧ ಮುರಿದಿತ್ತು. ಬಂಗಾರ ಬಿಚ್ಚಿ ಬಿಳಿಯದನ್ನು ಕೂರಿಸಿದೆ. ಆದರೆ ಅರೆದುಹೋದ ಹಲ್ಲನ್ನು ಎಲ್ಲಿಂದ ತರಲಿ? ಹುಡುಗಿಯ ಅಪ್ಪ ಏನಂದರು ಅಂತ ಕೇಳಿದೆ. ನೆಲ ನೋಡುತ್ತ ಹೇಳಿದ: “ಹೆಣ್ಣ ನೋಡಾಕ ಬಂದಾನೋ, ಹಲ್ಲ ತೋರಸಾಕ ಬಂದಾನೋ, ಅಂದ್ರು ಡಾಕ್ಟರ್‌ಸಾಬ್.”

ಗುರುತಿಲ್ಲದ ಡಾಕ್ಟರು

ನಮ್ಮ ಮನೆ ದವಾಖಾನೆಯ ಮೇಲಿನ ಮಾಳಿಗೆಯಲ್ಲೇ ಇತ್ತು. ಊಟಕ್ಕೆ ಹತ್ತುವುದು, ಉಂಡು ಇಳಿಯುವುದು. ಒಂದು ವರ್ಷ ಹೆಂಡತಿ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಒಂದೇ ಕಡೆಯಿಂದ ಅಗಿಯುತ್ತಿದ್ದಳು. ನೋಡುತ್ತಿದ್ದೆ. ನೋಡಿ, ಈಗಲೇ ಮುದುಕಿಯಾದೆ ಅಂತ ಚೇಷ್ಟೆ ಮಾಡುತ್ತಿದ್ದೆ. ಒಮ್ಮೆ ಹಲ್ಲು ನೋಯುತ್ತದೆ ಅಂದಳು. ಕೆಳಗೆ ಜನ ಕಾಯುತ್ತಿದ್ದರು, ಭಾನುವಾರ ನೋಡೋಣ ಅಂದೆ. ಆ ಭಾನುವಾರ ಕನ್ನಡ ಸಂಘದ ಮೀಟಿಂಗು. ಮುಂದಿನ ಭಾನುವಾರ ಇನ್ನೇನೋ. ಅವಳು ಮತ್ತೆ ಕೇಳಲಿಲ್ಲ, ನಾನು ಮರೆತೆ.

ಆಮೇಲೊಂದು ಮಧ್ಯಾಹ್ನ ಅವಳ ತಂಗಿ ಬಂದಿದ್ದಳು. ಏನೋ ಮಾತಿಗೆ ಹೆಂಡತಿ ಬಾಯ್ತುಂಬ ನಕ್ಕಳು. ಬಲ ದವಡೆಯಲ್ಲಿ ಬಂಗಾರ ಹೊಳೆಯಿತು. ತುತ್ತು ಬಿಟ್ಟು ಎದ್ದು, ಬಾಯಿ ತೆರೆಸಿ ನೋಡಿದೆ. ಕ್ಯಾಪಿನ ಅಂಚು ಕೂದಲೆಳೆಯಷ್ಟೂ ಸಂದು ಬಿಡದೆ ಕೂತಿತ್ತು. ನನ್ನ ಕೈಗಿಂತ ಒಳ್ಳೆಯ ಕೆಲಸ. ಯಾರು ಮಾಡಿದ್ದೆಂದು ಕೇಳಿದರೆ, ದಾದರಿನಲ್ಲೊಬ್ಬರು ಡಾಕ್ಟರ್ ಅಂದಳು. ನಾಲ್ಕು ಸಲ ಲೋಕಲ್ ಹತ್ತಿ, ಕುರ್ಲಾದಲ್ಲಿ ಗಾಡಿ ಬದಲಿಸಿ ಹೋಗಿಬಂದಿದ್ದಳು. ಇಂಜೆಕ್ಷನ್ನಿನಿಂದ ಅರ್ಧ ಮುಖ ಜೋಮು ಹಿಡಿದ ದಿನವೂ ಬಂದು ನನಗೆ ಬಡಿಸಿದ್ದಳು. ನಾನು ತಾಟು ನೋಡಿ ಉಂಡಿದ್ದೆ.

ಅಷ್ಟು ದೂರದಿಂದ ಯಾಕೆ ಬಂದಿರಿ, ಚೆಂಬೂರಿನಲ್ಲಿ ಯಾರೂ ಇಲ್ಲವೇ ಅಂತ ಆ ಡಾಕ್ಟರು ಕೇಳಲಿಲ್ಲವಾ ಅಂದೆ.

“ಕೇಳಿದ್ರು” ಅಂದಳು, ನನ್ನ ತಾಟಿಗೆ ಅನ್ನ ಹಾಕುತ್ತ. “ಒಬ್ಬರು ಅದಾರಂತ, ಕೈಗುಣ ಛಲೋ ಅದ ಅಂತ ಜನ ಅಂತಾರ, ಆದ್ರ ನಮಗ ಅವರ ಗುರ್ತಿಲ್ಲರಿ, ಅಂದೆ.”