ಗೇಟನ್ನು ಮಾತಾಡಿಸುತ್ತಿದ್ದ ಚಿಕ್ಕಪ್ಪ

ನಮ್ಮ ಚಿಕ್ಕಪ್ಪ ಯಾರ ಮನೆಗೆ ಹೋದರೂ ಮೊದಲು ಮಾತಾಡಿಸುತ್ತಿದ್ದದ್ದು ಆ ಮನೆಯ ಗೇಟನ್ನು. ಮನುಷ್ಯರ ಸರದಿ ಆಮೇಲೆ! ಗೇಟಿನ ಕೀಲಿನ ಹತ್ತಿರ ಬಗ್ಗಿ, ಹೆಬ್ಬೆರಳ ಉಗುರಿನಿಂದ ಬಣ್ಣ ಕೆರೆದು, ಕೆಂಪು ಪುಡಿ ಉದುರಿದರೆ ತಲೆಯಾಡಿಸಿ, "ಸುರುವಾಗ್ಬುಟ್ಟದೆ" ಎನ್ನುತ್ತಿದ್ದ. ಯಾರಿಗೆ ಏನು ಶುರುವಾಯಿತೋ ಎಂದು ಮನೆಯವರು ಗಾಬರಿಯಿಂದ ಎದ್ದು ಬರುತ್ತಿದ್ದರು. ಅಷ್ಟರಲ್ಲಿ ಇವನು ಚೀಲದಿಂದ ಹರಳೆಣ್ಣೆಯ ಸೀಸೆ ತೆಗೆದಿರುತ್ತಿದ್ದ.

ಈ ತುಕ್ಕಿನ ಹುಚ್ಚು ಎಲ್ಲಿಂದ ಹತ್ತಿತು? ಅವನು ಗುಂಡ್ಲುಪೇಟೆ ಹತ್ತಿರದ ಮದ್ದೂರು ಕಡೆಯ ಕಾಡಿನಲ್ಲಿ ವಾಚರ್ ಆಗಿದ್ದವನು. ಇಬ್ಬನಿಯಲ್ಲಿ ನೆನೆಯುವ ಒಂದು ಕಬ್ಬಿಣದ ಗೇಟನ್ನು ತೆಗೆಯುವುದು, ಹಾಕುವುದು, ಇದೇ ಕೆಲಸ. ಅದು ಕಿರ್ರೆಂದರೆ ಆನೆಗಳಿಗೆ ಬೇಜಾರಾಗುತ್ತದೆ ಎಂದು ನಂಬಿದ್ದ. "ಆನೆಗಳೇನು ಅರ್ಜಿ ಕೊಟ್ಟಿದ್ದವಾ?" ಎಂದು ನಾನು ಕೇಳಿದರೆ, "ನೀನು ಆಪೀಸಿನವ್ನು ಕಣ್ಲಾ, ಅರ್ಜಿ ಬುಟ್ರೆ ನಿಂಗಿನ್ನೇನ್ ಗೊತ್ತು?" ಎನ್ನುತ್ತಿದ್ದ. ನಾನು ಚಾಮರಾಜನಗರದಲ್ಲಿ ಗುಮಾಸ್ತ. ಆ ಮಾತು ನನಗೆ ನಾಟುತ್ತಿತ್ತು.

ಒಮ್ಮೆ ಗುಂಡ್ಲುಪೇಟೆಯಿಂದ ಬಸ್ಸು ಹತ್ತಿದೆವು. ಸೀಟು ಒಟ್ಟಿಗೆ ಸಿಗಲಿಲ್ಲ. ಬಸ್ಸು ಹೊರಟದ್ದೇ ತಡ, ಚಿಕ್ಕಪ್ಪ ಕಿಟಕಿಯ ಸರಳುಗಳಿಗೆ ಎಣ್ಣೆ ಸವರತೊಡಗಿದ.

"ಯಜಮಾನ್ರೇ, ಏನ್ ಮಾಡ್ತಿದ್ದೀರಿ?" ಎಂದ ಕಂಡಕ್ಟರ್.

"ನಿನ್ ಬಸ್ಸಿಗೆ ಔಸ್ದಿ ಆಕ್ತಾ ಇವ್ನಿ ಕಣಪ್ಪ."

"ಮೊದ್ಲು ಟಿಕೆಟ್ ತಗೊಳ್ಳಿ."

"ಡಾಕ್ಟ್ರಿಗೂ ಟಿಕೆಟ್ಟಾ?"

ಬಸ್ಸಿಗೆ ಬಸ್ಸೇ ನಕ್ಕಿತು. "ಅಗಾ, ಅಲ್ಲಿ ಕೂತವ್ನಲ್ಲ, ನಮ್ಮಣ್ಣನ ಮಗ, ನಮ್ಮ್ ಐದ. ಅವ್ನೇ ತಗತನೆ" ಎಂದು ಚಿಕ್ಕಪ್ಪ ನನ್ನತ್ತ ಕೈ ತೋರಿಸಿದ. ಮೂರು ಸೀಟು ಮುಂದಿದ್ದ ನಾನು, ಹೊರಗಿನ ಚೆಂಡುಹೂವಿನ ಹೊಲವನ್ನು ಹುಟ್ಟಿದ ಮೇಲೆ ಮೊದಲ ಸಲ ಕಂಡವನಂತೆ ನೋಡುತ್ತಾ ಕೂತಿದ್ದೆ. ಹುಟ್ಟಿದ್ದೇ ಅಂಥ ಹೊಲದ ಪಕ್ಕದಲ್ಲಿ!

ಇನ್ನು ನನಗೆ ಹೆಣ್ಣು ನೋಡಲು ಭೀಮನಬೀಡಿಗೆ ಹೋದ ಕಥೆ. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರೆ ಚಿಕ್ಕಪ್ಪ ಅವಳ ಅಪ್ಪನನ್ನು, "ಗುದ್ಲಿ, ಕುಡ್ಲು ಎಲ್ಲಿ ಮಡಗಿದ್ದೀರಿ?" ಎಂದು ಕೇಳಿ ಕೊಟ್ಟಿಗೆಗೆ ನಡೆದುಬಿಟ್ಟ. ಕೊಟ್ಟಿಗೆಯಿಂದ ಅವನ ಪಾಠ ನಮಗೆಲ್ಲ ಕೇಳಿಸುತ್ತಿತ್ತು:

"ಬರೀ ನೀರಿದ್ರೆ ತುಕ್ಕು ಬರಾಕಿಲ್ಲ. ಬರೀ ಗಾಳಿ ಇದ್ರೂ ಬರಾಕಿಲ್ಲ. ಎರಡೂ ಒಟ್ಗೆ ಬಂದು ಕಬ್ಣಾನ ಇಡ್ಕಬೇಕು. ನಮ್ ಬೆವರಲ್ಲಿ ಉಪ್ಪದೆ ನೋಡಿ, ಅದು ಸೇರ್ಕಂಡ್ರೆ ಇನ್ನೂ ಬೇಗ. ತಾಮ್ರದ ಕಿಲುಬು ಮೇಲೇ ಕೂತಿರ್ತದೆ. ಈ ತುಕ್ಕು ಅಂಗಲ್ಲ, ಪೊರೆಪೊರೆಯಾಗಿ ಉದುರ್ತದೆ. ಉದುರಿ ಒಳಗಿರೋದ್ನೂ ತಿನ್ನಕ್ಕೆ ದಾರಿ ಮಾಡ್ಕೊಡ್ತದೆ. ಎಣ್ಣೆ ಸವರೋದು ಅಂದ್ರೆ ಗಾಳಿ ನೀರಿಗೆ ಬಾಗ್ಲು ಆಕ್ದಂಗೆ."

ಹೊರಬಂದವನೇ ತೀರ್ಪು ಕೊಟ್ಟ: "ಈ ಮನೆ ಎಣ್ಣು ತರಬೌದು. ಕುಡ್ಲಿಗೆಲ್ಲ ಎಣ್ಣೆ ಸವರವ್ರೆ!"

ತನ್ನ ಮದುವೆ ಅಪ್ಪನ ಕುಡುಗೋಲಿನಿಂದ ಆದದ್ದೆಂದು ನನ್ನ ಹೆಂಡತಿ ಇವತ್ತಿಗೂ ಹೇಳುತ್ತಾಳೆ. ಅವಳು ನಗುತ್ತಾ ಹೇಳುತ್ತಾಳೆ. ಆ ದಿನ ನಾನು ಮಾತ್ರ ನೆಲ ನೋಡುತ್ತಿದ್ದೆ.

ಒಂದು ಮಾತು ಇಲ್ಲಿಯವರೆಗೆ ಬರೆಯದೆ ಉಳಿಸಿಕೊಂಡೆ. ಅಪ್ಪ ತೀರಿಕೊಂಡಾಗ ನಾನು ಮೂರನೇ ಕ್ಲಾಸು. ಅಲ್ಲಿಂದ ಮುಂದೆ ನನ್ನನ್ನು ಸಾಕಿ, ಓದಿಸಿ, ಗುಮಾಸ್ತನಾಗುವವರೆಗೆ ತಂದವನು ಇದೇ ಚಿಕ್ಕಪ್ಪ.

ನಾನು ಚಾಮರಾಜನಗರದಲ್ಲಿ ಮನೆ ಕಟ್ಟಿಸಿದೆ. ಎರಡು ಬಾಗಿಲಿನ ಗೇಟು ಮಾಡಿಸಿದ್ದೆ. ಅದು ವೆಲ್ಡಿಂಗ್ ಅಂಗಡಿಯ ಮುಂದೆ ಮಳೆಯಲ್ಲಿ ನೆನೆದು ಕೆಂಪಗಾಗಿತ್ತು. ಗೃಹಪ್ರವೇಶದ ಬೆಳಿಗ್ಗೆ, ಹೋಮ ಮುಗಿದ ಮೇಲೆ ಚಿಕ್ಕಪ್ಪ ಕಾಣಿಸಲಿಲ್ಲ. ಎಲ್ಲಿರುತ್ತಾನೆ? ಗೇಟಿನ ಹತ್ತಿರ! ಹೊಸ ಅಂಗಿ ಬಿಚ್ಚಿಟ್ಟು, ತಂತಿಯ ಬ್ರಷ್ಷಿನಿಂದ ಉಜ್ಜಿ, ಒಂದು ಬಾಗಿಲಿಗೆ ಆಗಲೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿದಿದ್ದ. ಬನಿಯನ್, ಮೀಸೆ, ಹುಬ್ಬು ಎಲ್ಲ ತುಕ್ಕಿನ ಪುಡಿಯಿಂದ ಕೆಂಪಾಗಿದ್ದವು.

ಆ ಹೊತ್ತಿಗೇ ನಮ್ಮ ಆಫೀಸಿನ ಸಾಹೇಬರು ಕಾರಿನಿಂದ ಇಳಿದರು. ಅವನನ್ನು ನೋಡಿ, "ಯಾರಿವರು?" ಎಂದರು.

"ಗೇಟ್ ಕೆಲಸದವರು ಸಾರ್" ಎಂದೆ.

ಚಿಕ್ಕಪ್ಪನ ಬ್ರಷ್ಷು ನಿಂತಿತು. ನನ್ನ ಮುಖವನ್ನೊಮ್ಮೆ ನೋಡಿದ. ನಮ್ಮ ಕಡೆ ಕೂಲಿಯವರು ಯಜಮಾನರನ್ನು ಬುದ್ಧಿ ಎಂದು ಕರೆಯುತ್ತಾರೆ. ಚಿಕ್ಕಪ್ಪ ಎದ್ದು ನಿಂತು, ಕೈ ಒರೆಸಿಕೊಂಡು ಹೇಳಿದ:

"ಒಂದು ಬಾಗ್ಲು ಆಯ್ತು ಬುದ್ಧೀ. ಇನ್ನೊಂದ್ನೂ ಮಾಡ್ಬುಡ್ಲಾ?"

ನನ್ನ ಮಾನ ಉಳಿಸಲು ಹಾಗೆ ಕರೆದ. ನಾನು ಆಗಲಾದರೂ ನಿಜ ಹೇಳಿದೆನೇ? "ಸಾಕು, ಅದಕ್ಕೆ ಪೇಂಟರ್ ಬಣ್ಣ ಹೊಡೀತಾನೆ. ನೀವು ಹೋಗಿ ಊಟ ಮಾಡಿ" ಎಂದೆ. ಹುಟ್ಟಿದಾಗಿನಿಂದ ನೀನು ಎಂದವನಿಗೆ ಅವತ್ತು ನೀವು ಎಂದೆ. ಅವನು ಗಾರೆ ಕೆಲಸದವರ ಸಾಲಿನಲ್ಲಿ ಕೂತು ಉಂಡ. ಹೊರಡುವಾಗ ನನ್ನ ಹೆಂಡತಿಗೆ ಮಾತ್ರ, "ತುಕ್ಕಿನ ಮೇಲೇ ಬಣ್ಣ ಬಳಿದ್ರೆ ಅದು ಸಾಯಾಕಿಲ್ಲ ಕಣಮ್ಮಿ, ಒಳಗೊಳಗೇ ತಿಂತದೆ" ಎಂದು ಹೇಳಿ ಹೋದನಂತೆ.

ಆಮೇಲೆ ಮೂರು ಸಲ ಬಂದ. ಮೂರು ಸಲವೂ ಗೇಟಿನ ಕಡೆ ತಿರುಗಿ ನೋಡಲಿಲ್ಲ. ನೇರ ಒಳಗೆ ಬಂದು, ಎಲ್ಲರ ಚಿಕ್ಕಪ್ಪಂದಿರ ಹಾಗೆ, "ಚೆಂದಾಗಿದ್ದೀಯೇನ್ಲಾ?" ಎಂದು ನನ್ನನ್ನೇ ಮೊದಲು ಮಾತಾಡಿಸಿದ. ನಾನು ಬಯಸಿದ್ದು ಅದನ್ನೇ ತಾನೆ? ಪ್ರತಿ ಸಲವೂ ತಪ್ಪಾಯಿತು ಎನ್ನಬೇಕೆಂದುಕೊಂಡೆ. ಪ್ರತಿ ಸಲವೂ ಟೀ ಬಂತು, ಅವನು ಕುಡಿದ, ಬಸ್ಸಿಗೆ ಹೊತ್ತಾಯಿತೆಂದು ಎದ್ದ.

ನಾಲ್ಕನೆಯ ಸಲ ನಾನೇ ಊರಿಗೆ ಹೋದೆ, ಮಣ್ಣು ಮಾಡಲು.

ತಿಥಿ ಮುಗಿಸಿ ಬರುವಾಗ ಅವನ ಚೀಲ ತಂದೆ. ಗೇಟಿನ ಎರಡು ಬಾಗಿಲುಗಳೂ ಒಂದೇ ಮಳೆಯಲ್ಲಿ ನೆನೆದವು. ಅವನು ಮಾಡಿದ ಬಾಗಿಲು ಹಾಗೆಯೇ ಇದೆ. ನಾನು ಬಣ್ಣ ಹೊಡೆಸಿದ್ದು ಗುಳ್ಳೆ ಎದ್ದು, ಹಪ್ಪಳದಂತೆ ಒಡೆದು ಉದುರುತ್ತಿದೆ. ಮೊನ್ನೆ ಭಾನುವಾರ ಅವನ ಬ್ರಷ್ಷು ಹಿಡಿದು ಅದರ ಮುಂದೆ ಕೂತೆ. ಮಧ್ಯಾಹ್ನದ ಹೊತ್ತಿಗೆ ಕೈ, ಅಂಗಿ ಎಲ್ಲ ಕೆಂಪು.

ಪಕ್ಕದ ಮನೆಯ ಮೇಷ್ಟ್ರು ನಿಂತು ನೋಡಿದರು. "ಏನ್ ಸಾರ್, ಕೆಲಸದವರು ಸಿಗಲಿಲ್ವಾ? ಆ ಕಡೆ ಬಾಗಿಲಿಗೆ ಏನೂ ಆಗಿಲ್ಲವಲ್ಲ, ಅದನ್ನ ಯಾರು ಮಾಡಿದ್ದು?"

"ನಮ್ಮ ಚಿಕ್ಕಪ್ಪ" ಎಂದೆ.

ಅವರಿಗೆ ಕೇಳಿಸಿತ್ತು. ಆದರೂ ಇನ್ನೊಂದು ಸಲ ಹೇಳಿದೆ.